ಅಜ್ಜ ಓದಿ ಹೇಳಿದ ಚಂದ್ರವ್ವ

ಆ ವರ್ಷ ಹೈದರಾಬಾದಿನಲ್ಲಿ ಬೆಳಿಗ್ಗೆ ಎದ್ದವರು ಹಲ್ಲುಜ್ಜುವ ಮೊದಲೇ ಕೇಳುತ್ತಿದ್ದದ್ದು ಇವತ್ತು ಬಂದ್ ಇದೆಯೋ ಇಲ್ಲವೋ ಎಂದು. ಪ್ರತ್ಯೇಕ ತೆಲಂಗಾಣದ ಹೋರಾಟ ಕಾವೇರಿದ್ದ ದಿನಗಳು ಅವು. ಬಸ್ಸಿಲ್ಲ, ಶಾಲೆಯಿಲ್ಲ, ಲಿಂಗಂಪಲ್ಲಿಯ ಲೋಕಲ್ ರೈಲು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದೊಡ್ಡವರಿಗೆ ತಲೆನೋವಾದದ್ದು ನಮ್ಮ ಕ್ವಾರ್ಟರ್ಸಿನ ಮಕ್ಕಳಿಗೆ ಹಬ್ಬವಾಗಿತ್ತು. ಖಾಲಿ ರಸ್ತೆಯ ನಟ್ಟನಡುವೆ ಇಟ್ಟಿಗೆ ಚೂರಿನಿಂದ ಮನೆಗಳನ್ನು ಬರೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ಆಟದಲ್ಲಿ ಜಗಳವೆಲ್ಲ ತೆಲುಗಿನಲ್ಲಿ, ಮನೆಯೊಳಗೆ ಕಾಲಿಟ್ಟ ಮೇಲೆ ಕನ್ನಡ. ನಾನಾಗ ಐದನೇ ಕ್ಲಾಸು.

ನಮ್ಮ ಮನೆಗೆ ಮಾತ್ರ ಆ ಹಬ್ಬ ಬಂದಿರಲಿಲ್ಲ. ಅವ್ವ ಆಸ್ಪತ್ರೆಯಲ್ಲಿದ್ದಳು, ಊರಿನ ಇನ್ನೊಂದು ತುದಿಯಲ್ಲಿ. ಏನು ಕಾಯಿಲೆ ಎಂದು ನನಗೆ ಯಾರೂ ಹೇಳಲಿಲ್ಲ. ಹೊಟ್ಟೆನೋವು, ಗುಳಿಗೆ ಕೊಟ್ಟಿದ್ದಾರೆ, ಬರುತ್ತಾಳೆ, ಇಷ್ಟೇ. ಅಪ್ಪ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಡ್ಯೂಟಿ ಮುಗಿಸಿ ನೇರ ಅಲ್ಲಿಗೆ ಹೋಗಿ ಬರುತ್ತಿದ್ದ. ನಾನೂ ಬರುತ್ತೇನೆ ಎಂದು ದಿನಾ ಬೆಳಿಗ್ಗೆ ಅವನು ಹೊರಡುವಾಗ ಸ್ಕೂಟರಿನ ಹಿಂದಿನ ಸೀಟು ಹಿಡಿದು ನಿಲ್ಲುತ್ತಿದ್ದೆ. ಅಪ್ಪನದು ದಿನಾ ಒಂದೇ ಉತ್ತರ.

“ಬಂದ್ ಐತಿ ಕೂಸ. ದಾರ್ಯಾಗ ಕಲ್ಲು ತೂರಾಕತ್ತಾರ. ಇದೊಂದು ಮುಗೀಲಿ.”

ಕಲ್ಲು ಅಪ್ಪನಿಗೇಕೆ ಬೀಳುವುದಿಲ್ಲ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು ಎಂದು ಎಷ್ಟೋ ವರ್ಷಗಳ ನಂತರ ಹೊಳೆಯಿತು.

ನನ್ನನ್ನು ನೋಡಿಕೊಳ್ಳಲು ಗದಗಿನಿಂದ ಅಜ್ಜ ಬಂದ. ಅವ್ವನ ಅಪ್ಪ. ಗದಗಿನ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಮೈಯೆಲ್ಲ ನಶ್ಯದ ವಾಸನೆ. ಅವನಿಗೆ ಮಾಡಲು ಬರುತ್ತಿದ್ದದ್ದು ಒಂದೇ ತಿಂಡಿ, ಚುರುಮುರಿ ನೆನೆಸಿ ಒಗ್ಗರಣೆ ಹಾಕಿದ ಸುಸಲಾ. ಅದನ್ನೇ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಡುತ್ತಿದ್ದ. ಸಂಜೆಯದಕ್ಕೆ ಹುರಿದ ಶೇಂಗಾ ಜಾಸ್ತಿ ಬೀಳುತ್ತಿತ್ತು, ಏಕೆಂದರೆ ಸಂಜೆ ಕಥೆ ಇರುತ್ತಿತ್ತು.

ಅಜ್ಜ ತನ್ನ ಚೀಲದಲ್ಲಿ ಒಂದು ಕಾದಂಬರಿ ತಂದಿದ್ದ. ರಟ್ಟು ಹರಿದು, ಮೊದಲ ಕೆಲವು ಹಾಳೆ ಉದುರಿಹೋಗಿದ್ದವು. ಹೀಗಾಗಿ ಅದರ ಹೆಸರೇನು, ಬರೆದವರು ಯಾರು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಬಾಲ್ಕನಿಯಲ್ಲಿ ಚಾಪೆ ಹಾಸಿ, ಕನ್ನಡಕ ಏರಿಸಿ, ಪಟೇಲನಿಗೆ ಗಡಸು ದನಿ, ಮುದುಕಿಗೆ ಬೊಚ್ಚುಬಾಯಿಯ ದನಿ ಮಾಡಿ ಓದುತ್ತಿದ್ದ. ಹೊಳೆದಂಡೆಯ ಹಳ್ಳಿಯ ಚಂದ್ರವ್ವ ಎಂಬ ಹೆಂಗಸಿನ ಕಥೆ. ನಾಲ್ಕಾರು ದಿನ ಕೇಳುವುದರೊಳಗೆ ಚಂದ್ರವ್ವ ಜ್ವರ ಬಂದು ಮಲಗಿದಳು. ಅವಳಿಗೂ ನನ್ನಂಥ ಒಬ್ಬಳು ಮಗಳಿದ್ದಳು.

ಆ ಸಂಜೆ ನಾನು ಸುಸಲಾ ಮುಟ್ಟಲಿಲ್ಲ. ಅಜ್ಜ ನನ್ನ ಮುಖ ನೋಡಿದ, ಪುಸ್ತಕ ನೋಡಿದ, ಒಂದು ಚಿಟಿಕೆ ನಶ್ಯ ಏರಿಸಿದ. ಮತ್ತೆ ಓದತೊಡಗಿದಾಗ ಹೊಳೆ ದಾಟಿ ವೈದ್ಯ ಬಂದಿದ್ದ. ಬೆಳಗಾಗುವುದರೊಳಗೆ ಚಂದ್ರವ್ವನ ಜ್ವರ ಬಿಟ್ಟಿತ್ತು. ನಾನು ತಟ್ಟೆ ಎಳೆದುಕೊಂಡೆ.

ಅಲ್ಲಿಂದ ಮುಂದೆ ಆ ಕಥೆಯೇ ನನಗೆ ಊಟ, ನಿದ್ದೆ ಎಲ್ಲ. ಹಗಲೆಲ್ಲ ಅವ್ವನದೇ ಚಿಂತೆ ಕಾಡುತ್ತಿತ್ತು. ಸಂಜೆ ಚಾಪೆ ಹಾಸಿದರೆ ಅದು ಇಳಿಯುತ್ತಿತ್ತು. ಚಂದ್ರವ್ವ ದಿನದಿನಕ್ಕೆ ಗಟ್ಟಿಯಾದಳು. ಪಟೇಲನ ಜೊತೆ ಜಗಳ ಕಾದು ಗೆದ್ದಳು. ಊರು ಬಿಟ್ಟು ಬಂದು ರೈಲು ಸ್ಟೇಷನ್ನಿನ ಹತ್ತಿರ ಚಹಾದಂಗಡಿ ಇಟ್ಟಳು. ಹೊಳೆದಂಡೆಯ ಕಥೆಯೊಳಗೆ ಅಷ್ಟೊಂದು ಗೂಡ್ಸ್ ಗಾಡಿಗಳು ಎಲ್ಲಿಂದ ಬಂದವು, ಅಜ್ಜ ಎಷ್ಟೋ ಹೊತ್ತು ಹಾಳೆ ತಿರುಗಿಸದೇ ಹೇಗೆ ಓದುತ್ತಾನೆ, ಇದೆಲ್ಲ ನನಗೆ ಕಾಣಲೇ ಇಲ್ಲ. ನಾನು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿಕೊಂಡಿದ್ದೆ. ಚಂದ್ರವ್ವ ಎದ್ದಳು ಎಂದರೆ ಅವ್ವನೂ ಏಳುತ್ತಾಳೆ. ಅದನ್ನು ಅಜ್ಜನಿಗೂ ಹೇಳಿದ್ದೆ. ಹೂಂ ಎಂದಿದ್ದ.

ನನಗೆ ಕನ್ನಡ ಓದಲು ಬರುವುದಿಲ್ಲ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ಶಾಲೆಯಲ್ಲಿ ಕಲಿಸಿದ್ದು ತೆಲುಗು, ಹಿಂದಿ, ಇಂಗ್ಲಿಷು. ಒಂದು ಮಧ್ಯಾಹ್ನ ಅಜ್ಜ ಹಾಲಿನ ಪಾಕೀಟು ಎಲ್ಲಾದರೂ ಸಿಗುತ್ತದೆಯೇ ನೋಡಲು ಹೋದಾಗ, ಚಂದ್ರವ್ವ ಮುಂದೆ ಏನು ಮಾಡುತ್ತಾಳೋ ಎಂಬ ಆಸೆಗೆ ಪುಸ್ತಕ ಬಿಡಿಸಿದೆ. ಚಿತ್ರವಾದರೂ ಇರಬಹುದು ಅಂದುಕೊಂಡಿದ್ದೆ. ಅಕ್ಷರಗಳು ಮೊದಲು ಹುಳದಂತೆ ಕಂಡವು. ಆಮೇಲೆ ಒಂದೊಂದಾಗಿ ಗುರುತು ಹತ್ತಿದವು. ಇವು ನಮ್ಮ ತೆಲುಗು ವಾಚಕದ ಅಕ್ಷರಗಳ ದಾಯಾದಿಗಳೇ. ತಲೆಯ ಮೇಲಿನ ಕೊಂಡಿ ಮಾತ್ರ ಬೇರೆ. ತಿಳಿಯದ ಅಕ್ಷರವನ್ನು ಅಕ್ಕಪಕ್ಕದವುಗಳಿಂದ ಊಹಿಸುತ್ತ, ಬೆರಳಿಟ್ಟು ಕೂಡಿಸುತ್ತ ಹೋದೆ. ಬಾಯಿಂದ ಹೊರಬಿದ್ದದ್ದು ನಾನು ದಿನಾ ಆಡುವ ಕನ್ನಡವೇ.

ಚಹಾದಂಗಡಿ ಎಲ್ಲೂ ಸಿಗಲಿಲ್ಲ. ಹಿಂದೆ ಹಿಂದೆ ಹುಡುಕಿದೆ. ಜ್ವರ ಸಿಕ್ಕಿತು. ವೈದ್ಯ ಸಿಗಲಿಲ್ಲ. ಸಿಕ್ಕಿದ್ದು ಒಂದು ಸಾಲು: ಬೆಳಗಾಗುವುದರೊಳಗೆ ಚಂದ್ರವ್ವ ತೀರಿಕೊಂಡಿದ್ದಳು.

ಮುಂದಿನ ಹಾಳೆಗಳಲ್ಲೆಲ್ಲ ಆ ಮಗಳು ಒಬ್ಬಳೇ ಇದ್ದಳು.

ಸಂಜೆ ಅಜ್ಜ ಎಂದಿನಂತೆ ಸುಸಲಾ ಮಾಡಿ, ಚಾಪೆ ಹಾಸಿ ಕೂತ. ನಾನು ಪುಸ್ತಕ ಬಿಡಿಸಿ ಆ ಸಾಲಿನ ಕೆಳಗೆ ಬೆರಳಿಟ್ಟು, ಇದನ್ನ ಓದು ಎಂದೆ. ಖರೆ ಹೇಳಲು ಅವನಿಗೆ ಒಂದು ಅವಕಾಶ ಕೊಡುತ್ತಿದ್ದೆನೇನೋ. ಅಜ್ಜ ಕನ್ನಡಕ ಸರಿಮಾಡಿಕೊಂಡ, ಬಗ್ಗಿ ನೋಡಿದ, ಕೆಮ್ಮಿದ. ಆಮೇಲೆ ಸ್ಪಷ್ಟವಾಗಿ, ಒಂದೂ ಅಕ್ಷರ ತೊದಲದೆ ಓದಿದ.

“ಬೆಳಗಾಗುವುದರೊಳಗೆ ಚಂದ್ರವ್ವ ಎದ್ದು ಕೂತಿದ್ದಳು.”

ನನ್ನ ಬೆರಳು ಇನ್ನೂ ಅಲ್ಲೇ ಇತ್ತು.

“ಅಜ್ಜಾ, ನನಗ ಓದಾಕ ಬರತೈತಿ,” ಎಂದೆ.

ಅಜ್ಜ ಪುಸ್ತಕ ಕೆಳಗಿಟ್ಟ. ಮುಖ ಒರೆಸಿಕೊಳ್ಳುವ ನೆಪದಲ್ಲಿ ಕನ್ನಡಕ ತೆಗೆದ. ಅವ್ವನಿಗೆ ಏನಾಗಿದೆ, ಖರೆ ಹೇಳು ಎಂದು ಕೇಳಿದೆ. ಅವಳು ಆರಾಮ ಇದ್ದಾಳೆ ಎಂದ. ಹಾಗಾದರೆ ಈಗಲೇ ಕರೆದುಕೊಂಡು ಹೋಗು ಎಂದೆ.

“ನಾಳಿ ನಾನ ಖುದ್ದ ಕರಕೊಂಡು ಹೊಕ್ಕೀನಿ. ನಿನ್ನ ಆಣಿ.”

ನನ್ನ ತಲೆ ಮುಟ್ಟಿ ಹೇಳಿದ. ಮರುದಿನ ಬೆಳಿಗ್ಗೆಯೇ ನಾನು ಎರಡು ಜಡೆ ಹಾಕಿಕೊಂಡು, ಅವ್ವ ಹೊಲಿಸಿದ್ದ ಹಸಿರು ಲಂಗ ಉಟ್ಟು ಬಾಗಿಲಲ್ಲಿ ಕೂತೆ. ಮಧ್ಯಾಹ್ನವಾಯಿತು. ಇವತ್ತು ದೊಡ್ಡ ಬಂದ್ ಅಂತೆ, ನಾಳೆ ಎಂದ ಅಜ್ಜ. ಎದುರಿನ ರಸ್ತೆಯಲ್ಲಿ ಆಟೋಗಳು ಓಡಾಡುತ್ತಿದ್ದವು. ಅದರ ಮರುದಿನ ಅಪ್ಪ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದು ಬಾಗಿಲಿಗೆ ಒರಗಿ ನಿಂತ. ನನಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

ಅವ್ವನ ಮುಖವನ್ನು ಆಗಲೂ ಸರಿಯಾಗಿ ತೋರಿಸಲಿಲ್ಲ. ಹುಡುಗಿ ಅಂಜುತ್ತಾಳೆ ಎಂದು ಯಾರೋ ನನ್ನನ್ನು ಪಕ್ಕದ ಮನೆಗೆ ಕಳಿಸಿದರು.

ನಾನು ಕಾಲೇಜಿಗೆ ಹೋಗುವಾಗ ಒಮ್ಮೆ, ಊಟ ಮಾಡುತ್ತ ಮಾಡುತ್ತ ಅಪ್ಪ ತಾನಾಗಿಯೇ ಬಾಯಿಬಿಟ್ಟ. ಅವ್ವ ಅಲ್ಲಿ ದಿನಾ ನನ್ನನ್ನು ಕೇಳುತ್ತಿದ್ದಳಂತೆ, ಕೂಸನ್ನ ಒಮ್ಮೆ ಕರಕೊಂಡು ಬರ್ರಿ ಎಂದು. ನೀನೇನು ಹೇಳುತ್ತಿದ್ದೆ ಎಂದು ಕೇಳಿದೆ. ಅಪ್ಪ ಅನ್ನ ಕಲಸುತ್ತಲೇ ಇದ್ದ.

“ಬಂದ್ ಐತಿ, ಕಲ್ಲು ತೂರಾಕತ್ತಾರ ಅಂತಿದ್ದೆ. ಆಕಿ ಭಾಳ ಸೊರಗಿದ್ಲು. ನೀ ನೋಡಿ ಅಂಜತಿದ್ದಿ.”

ಅದೇ ಸುಳ್ಳು. ಇಲ್ಲಿ ನನಗೆ, ಅಲ್ಲಿ ಅವಳಿಗೆ. ನಾನು ತಟ್ಟೆ ಬಿಟ್ಟು ಎದ್ದೆ. ಅಜ್ಜ ಅಷ್ಟರಲ್ಲಿ ತೀರಿಕೊಂಡಿದ್ದ. ಇದ್ದಿದ್ದರೆ ಅವನನ್ನೂ ಬಿಡುತ್ತಿರಲಿಲ್ಲ.

ಈಗ ಇದೇ ಹೈದರಾಬಾದಿನ ಮಾದಾಪುರದಲ್ಲಿ ನೌಕರಿ. ಕೆಲಸದ ಒತ್ತಡ ಹೆಚ್ಚಾದಾಗ ಗೆಳತಿಯರು ಹಾಡು ಕೇಳು, ಒಳ್ಳೆಯ ಪುಸ್ತಕ ಓದು, ಸಮಾಧಾನವಾಗುತ್ತದೆ ಎನ್ನುತ್ತಾರೆ. ಓದುತ್ತೇನೆ, ಕನ್ನಡವನ್ನೇ ಓದುತ್ತೇನೆ. ಆದರೆ ಕೊನೆಯ ಹಾಳೆಯನ್ನು ಮೊದಲು ಓದಿಕೊಳ್ಳುತ್ತೇನೆ. ಯಾರಾದರೂ ನಯವಾಗಿ ಮಾತಾಡಿಸಿದರೆ ಇವರು ಏನನ್ನು ಬಚ್ಚಿಡುತ್ತಿದ್ದಾರೆ ಎಂದು ನೋಡುತ್ತೇನೆ. ಅಜ್ಜನಿಗೆ ಅವಳು ಮಗಳು, ಆ ಸಾಲನ್ನು ಅವನ ಬಾಯಿಂದ ಹೇಗೆ ಓದಲಾದೀತು ಎಂದು ನನಗೂ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಸಿಟ್ಟು ಇಳಿಯುವುದಿಲ್ಲ.

ಅವ್ವ ಸಾಯುತ್ತಿದ್ದ ಆ ದಿನಗಳಲ್ಲಿ ನಾನು ಅವಳ ಹತ್ತಿರ ಇರಬೇಕಿತ್ತು. ಅವಳ ಸೊರಗಿದ ಮುಖ, ಆಸ್ಪತ್ರೆಯ ವಾಸನೆ, ಅವಳು ನನಗೆ ಏನು ಹೇಳುತ್ತಿದ್ದಳೋ ಆ ಮಾತು, ಅಂಜಿಕೆಯಾದರೂ ಸರಿ, ಅದೆಲ್ಲ ನನಗೆ ಸೇರಬೇಕಾಗಿದ್ದದ್ದು. ಈಗ ಕಣ್ಣು ಮುಚ್ಚಿ ಆ ದಿನಗಳ ಅವ್ವನನ್ನು ನೆನೆಯಲು ಕೂತರೆ ಒಬ್ಬ ಹೆಂಗಸು ಕಾಣುತ್ತಾಳೆ. ಜ್ವರ ಬಿಟ್ಟಿದೆ, ಗೋಡೆಗೆ ಒರಗಿ ಎದ್ದು ಕೂತಿದ್ದಾಳೆ, ಮಗಳನ್ನು ಹತ್ತಿರ ಕರೆಯುತ್ತಿದ್ದಾಳೆ.

ಅವಳು ಚಂದ್ರವ್ವ. ನನ್ನ ಅವ್ವ ಅಲ್ಲ.