ದುರ್ಗದ ಬೈಲಿನ ಬೆಂಕಿ

ಆ ಬೆಂಕಿ ನಾನು ಹಚ್ಚಿದ್ದಲ್ಲ. ನನ್ನನ್ನು ಮುನಿಸಿಪಾಲಿಟಿಗೆ ಆರಿಸಿ ಕಳಿಸಿದ ಹುಬ್ಬಳ್ಳಿಯ ಜನರೇ, ಹಚ್ಚಿದವಳು ನನ್ನ ಹೆಂಡತಿ ಮೋಂಘಿ.

ಕಚ್ಛದಿಂದ ಬರಿಗೈಯಲ್ಲಿ ಬಂದ ನಾವು ದುರ್ಗದ ಬೈಲಿನಲ್ಲಿ ವಿಲಾಯತಿ ಬಟ್ಟೆಯ ಅಂಗಡಿ ಇಟ್ಟಿದ್ದೆವು. ನನಗಿಂತ ಮೊದಲು ಕನ್ನಡ ಕಲಿತವಳು ಆಕೆ. ಓಣಿಯ ಹೆಂಗಸರೊಡನೆ ಚರಕದ ಮುಂದೆ ಕೂತು ಕಲಿತಳು. ವಿಲಾಯತಿ ಬಟ್ಟೆ ಸುಡುವ ಸ್ವದೇಶಿ ಚಳವಳಿಯ ಕಾಲ. ಹರತಾಳದ ಒಂದು ಮಧ್ಯಾಹ್ನ, ಪೇಟೆ ಮುಚ್ಚಿ ಬೀದಿ ಖಾಲಿಯಿದ್ದಾಗ, ನಾನು ಊಟ ಮುಗಿಸಿ ಬರುವಷ್ಟರಲ್ಲಿ ಬಟ್ಟೆಯ ಥಾನುಗಳೆಲ್ಲ ಅಂಗಡಿಯ ಮುಂದೆ ಉರಿಯುತ್ತಿದ್ದವು. ಪಕ್ಕದಲ್ಲಿ ಆಕೆ ನಿಂತಿದ್ದಳು.

“ಇದನ್ನ ಮಾರಿ ತಂದ ಅನ್ನ ನನಗ ಗಂಟಲದಾಗ ಇಳಿಯವಲ್ದು,” ಎಂದಳು — ನಮ್ಮ ಕಚ್ಛಿಯಲ್ಲಲ್ಲ, ಕನ್ನಡದಲ್ಲಿ.

ನಾನು ಆಕೆಯ ಕೆನ್ನೆಗೆ ಹೊಡೆದೆ. ಅಂಗಡಿಯೊಳಗೆ ನೂಕಿ ಬಾಗಿಲು ಎಳೆದೆ.

ಅಷ್ಟರಲ್ಲಿ ಮೆರವಣಿಗೆ ಬಂತು. “ಭಲೇ ಸೇಠಜೀ! ನೀವ ಹಚ್ಚಿದ್ರೇನ್ರಿ?” ಎಂದು ಮುಂದಿದ್ದವರು ಕೂಗಿದರು. ಸುಮ್ಮನಿರಬಹುದಿತ್ತು — ಆದರೆ ಆ ಜಯಕಾರ...

“ಹೌದ್ರಿ, ನಾನ ಹಚ್ಚೇನಿ.”

ಬಾಗಿಲ ಹಿಂದೆ ಆಕೆಗೆ ಕೇಳಿಸಿತ್ತು.

ನನ್ನನ್ನು ಹೊರಗಿನವನು ಅನ್ನುತ್ತಿದ್ದವರೇ ಹೆಗಲ ಮೇಲೆ ಹೊತ್ತರು, ಮತ ಹಾಕಿದರು. ಅಲ್ಲಿಗೇ ನಿಂತಿದ್ದರೆ — ಇಲ್ಲ, ನಿಲ್ಲಲಿಲ್ಲ. ಭಾಷಣಕ್ಕೆ ರಂಗು ಬೇಕಾಗಿತ್ತು. “ನಮ್ಮ ಮನಿಯಾಕಿ ರೇಷ್ಮಿ ಹೋತಂತ ಅಳಾಕತ್ತಿದ್ಲು, ನಾ ಕೇಳಲಿಲ್ಲ ನೋಡ್ರಿ!” ಎಂದೆ. ಸಭೆ ಗೊಳ್ಳೆಂದು ನಕ್ಕಿತು. ಹೆಂಗಸರ ಸಾಲಿನಲ್ಲಿ, ತಾನೇ ನೂತ ನೂಲಿನ ಒರಟು ಸೀರೆ ಉಟ್ಟು ಮೋಂಘಿ ಕೂತಿದ್ದಳು. ಆಕೆ ಮತ್ತೆ ಯಾವ ಸಭೆಗೂ ಬರಲಿಲ್ಲ. ನಾನು ಆ ಮಾತನ್ನು ಪ್ರತಿ ಸಭೆಯಲ್ಲೂ ಹೇಳಿದೆ — ಜನ ನಗುತ್ತಿದ್ದರು, ಅದಕ್ಕೆ.

ಹೋದ ವಾರ ಆಕೆ ತೀರಿಕೊಂಡಳು. ಪಕ್ಷದ ಗೆಳೆಯರ ಮನೆಯ ಹೆಂಗಸರು ಜರಿಯ ಸೀರೆ ತಂದರು. “ಪಾಪ, ರೇಷ್ಮಿ ಅಂದ್ರ ಜೀವ ಬಿಡ್ತಿದ್ರಂತ,” ಎನ್ನುತ್ತ ಆಕೆಗೆ ಹೊದಿಸಿದರು. ಅವರದು ಪ್ರೀತಿಯೇ. ನಾನು ಬೇಡವೆನ್ನಲಿಲ್ಲ — ಆಗಲೂ.

ಭಾನುವಾರದ ಸಂತಾಪ ಸಭೆಯಲ್ಲಿ ಇದನ್ನೇ ಓದುತ್ತೇನೆ. ನಿನ್ನೆ ಮಗಳಿಗೆ ಎಲ್ಲ ಹೇಳಿದೆ. ಆಕೆ ಕೇಳಿದಳು: “ಅವ್ವ ಇಷ್ಟ ವರ್ಷ ಹ್ಯಾಂಗ ತಡಕೊಂಡ್ಲು, ಅಪ್ಪಾ?”

ನನಗೆ ಗೊತ್ತಿಲ್ಲ. ನಾನು ಆಕೆಯನ್ನು ಒಮ್ಮೆಯೂ ಕೇಳಿರಲಿಲ್ಲ.