ಸೀಟು ಬಿಡಬೇಕಾದವರು

ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಹೋಗುವ ಖಾಸಗಿ ಬಸ್ಸುಗಳಲ್ಲಿ ಒಂದು ಕಾನೂನಿದೆ, ಎಲ್ಲೂ ಬರೆದಿಲ್ಲ. ಯೂನಿಫಾರ್ಮ್ ಹಾಕಿದವರಿಗೆ ಅರ್ಧ ಟಿಕೆಟ್, ಫುಲ್ ಟಿಕೆಟಿನವರು ಹತ್ತಿದರೆ ಅರ್ಧ ಟಿಕೆಟಿನವರು ಎದ್ದು ಸೀಟು ಬಿಡಬೇಕು. ಇದು ಅನ್ಯಾಯವೆಂದು ಚರ್ಚಾಸ್ಪರ್ಧೆಯಲ್ಲಿ ಇವತ್ತೂ ವಾದಿಸಿ ಗೆಲ್ಲಬಲ್ಲೆ. ಆದರೆ ಹದಿನೇಳರ ವಯಸ್ಸಿನಲ್ಲಿ ನನಗೆ ಬೇಕಿದ್ದದ್ದು ಆ ಅನ್ಯಾಯವೇ.

ಅಪ್ಪ ಹುಬ್ಬಳ್ಳಿಯಲ್ಲಿ ಹೋಟೆಲಿಟ್ಟಾಗ ನನ್ನನ್ನು ಶಾಲೆಗೆ ಸೇರಿಸುವುದು 'ಮುಂದಿನ ತಿಂಗಳು, ಮುಂದಿನ ತಿಂಗಳು' ಎನ್ನುತ್ತಲೇ ಎಂಟು, ಒಂಬತ್ತು ಎರಡೂ ತರಗತಿ ದಾಟಿಹೋದವು. ನಮ್ಮೂರು ಕಕ್ಕಿಂಜೆಗೆ ಮರಳಿದ ಮೇಲೆ ಹತ್ತನೇ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಲು ಹೊರಟೆ. ಉಳಿದದ್ದನ್ನು ಎರಡು ವರ್ಷ ಮನೆಯಲ್ಲಿ ನಾನೇ ಓದಿಕೊಂಡೆ; ಇಂಗ್ಲಿಷು, ಗಣಿತ ಮಾತ್ರ ಒಬ್ಬಳಿಂದಾಗದು. ಅದಕ್ಕೆ ಮೂಡುಬಿದಿರೆಯಲ್ಲಿ ನಿವೃತ್ತ ಟೀಚರೊಬ್ಬರ ಮನೆಯ ಚಾವಡಿ. ಅಲ್ಲಿಗೆ ಯೂನಿಫಾರ್ಮ್ ಇಲ್ಲ.

ಮೊದಲ ದಿನವೇ ಕಂಡಕ್ಟರ್ ಕೂಗಿದ: "ಸ್ಟೂಡೆಂಟ್ ಏಳಿ, ಏಳಿ. ಅಕ್ಕನಿಗೆ ಜಾಗ ಕೊಡಿ."

ಎದ್ದವಳು ಏಳನೆಯವರೆಗೆ ನನ್ನ ಬೆಂಚಿನಲ್ಲೇ ಕೂತಿದ್ದ ಗೆಳತಿ. ಈಗ ಸೆಕೆಂಡ್ ಪಿಯುಸಿ.

"ನಾನೂ ಸ್ಟೂಡೆಂಟೇ," ಎಂದೆ ಕಂಡಕ್ಟರಿಗೆ. "ಕಲಿಯುವವರು ಸ್ಟೂಡೆಂಟ್. ನಾನು ಹೋಗುವುದು ಕಲೀಲಿಕ್ಕೆ. ಮತ್ತೆ?"

"ಪಾಯಿಂಟ್ ಸರಿ ಉಂಟು. ಯೂನಿಫಾರ್ಮ್ ಎಲ್ಲಿ ಮಾರಾಯ್ತಿ?"

ಬಸ್ಸೆಲ್ಲ ನಕ್ಕಿತು. ಗೆಳತಿಯೂ. "ಕೂತ್ಕೊ ನೀನು. ಸೀಟಿಗೂ ಲಾ ಪಾಯಿಂಟಾ?" ಎನ್ನುತ್ತ ತನ್ನ ಬ್ಯಾಗನ್ನು ನನ್ನ ಮಡಿಲಿಗೆ ಹಾಕಿದಳು.

ಆ ವರ್ಷವಿಡೀ ಹಾಗೆಯೇ. ಮೇಲೆ ಅವಳ ಬ್ಯಾಗು, ಕೆಳಗೆ ನನ್ನ ಒಂಬತ್ತನೆಯ, ಆಮೇಲೆ ಹತ್ತನೆಯ ಗಣಿತ. ಹಿಂದುಗಡೆ ಅವಳ ಗುಂಪು ಕಂಬಿಗೆ ಜೋತುಬಿದ್ದು ಲ್ಯಾಬಿನ ಸುದ್ದಿ ಹೇಳಿಕೊಂಡು ನಗುತ್ತಿತ್ತು. ತಿರುವಿನಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. "ನೀನು ಉತ್ತರ ಮೊದಲು ಹೇಳಿ ಕಾರಣ ಆಮೇಲೆ ಹುಡುಕ್ತೀ. ಗಣಿತ ಅದಕ್ಕೆ ಬಗ್ಗುವುದಿಲ್ಲ," ಎನ್ನುತ್ತಿದ್ದರು ಚಾವಡಿಯಲ್ಲಿ ಟೀಚರ್. ಅವರ ಮಾತು ಸರಿ. ನನಗೂ ಹಾಗೆ ಬೀಳಬೇಕೆಂಬ ಉತ್ತರ ಮೊದಲೇ ಗೊತ್ತಿತ್ತು. ಕಾರಣ ಹುಡುಕಲೇ ಇಲ್ಲ.

ಪಾಸಾದೆ. ಪಿಯುಸಿಗೆ ಸೇರಿದ ಮೊದಲ ದಿನ, ಹೊಸ ಯೂನಿಫಾರ್ಮಿನಲ್ಲಿ ಬಸ್ಸು ಹತ್ತಿ, ಬೇಕೆಂದೇ ಸೀಟಿನಲ್ಲಿ ಕೂತೆ. ವೇಣೂರಿನಲ್ಲಿ ಜನ ಹತ್ತಿದರು.

"ಸ್ಟೂಡೆಂಟ್ ಏಳಿ!"

ಎಷ್ಟು ಕಾದಿದ್ದೆ ಆ ಮಾತಿಗೆ! ತಟ್ಟನೆ ಎದ್ದೆ. ನನ್ನ ಜಾಗದಲ್ಲಿ ಕೂತ ಹೆಂಗಸು ಬ್ಯಾಗಿಗೆ ಕೈ ಚಾಚಿದರು, ಕೊಟ್ಟೆ. ಕಂಬಿ ಹಿಡಿದು ಹಿಂದಕ್ಕೆ ನೋಡಿದೆ. ಗೆಳತಿ ನರ್ಸಿಂಗಿಗೆ ಸೇರಿ ಮಂಗಳೂರಿನ ಹಾಸ್ಟೆಲಿನಲ್ಲಿದ್ದಾಳೆಂದು ಗೊತ್ತಿತ್ತು. ಗೊತ್ತಿದ್ದೂ ನೋಡಿದೆ.

ಮುಂದಿನ ತಿರುವಿನಲ್ಲಿ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸುತ್ತಲಿದ್ದವರೆಲ್ಲ ನನಗಿಂತ ಚಿಕ್ಕವರು. ಅವರ ಮೇಲೆ ಬೀಳಲು ಸಂಕೋಚ.