ಮೇಲಕ್ಕೆ ಬಾಗಿದ ಕೊಕ್ಕು

ಭಾವನವರ ಮಾತನ್ನು ನಾನು ಅವತ್ತು ನಂಬಬೇಕಿತ್ತು.

ಅವರು ನನ್ನ ಅಕ್ಕನ ಗಂಡ. ಚನ್ನಪಟ್ಟಣದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಊರು, ಒಂದಿಷ್ಟು ಹೊಲ, ಒಂದು ಹಿಂಡು ಕುರಿ. ಶಿವರಾತ್ರಿ ಕಳೆದು ಕೆರೆ ಇಳಿಯತೊಡಗಿದರೆ ಕೆರೆಯಂಗಳದಲ್ಲಿ ಹುಲ್ಲು ಚಿಗುರುತ್ತದೆ. ಅವರು ಕುರಿ ಬಿಡುತ್ತಿದ್ದದ್ದು ಅಲ್ಲಿಗೇ. ಆಗ ಉತ್ತರಕ್ಕೆ ಹೊರಟ ಹಕ್ಕಿಗಳು ತೂಬಿನ ಮುಂದಿನ ಕೆಸರಿಗಿಳಿದು ಒಂದೆರಡು ದಿನ ಮೇದು ಹೋಗುತ್ತಿದ್ದವು. ಭಾವನವರಿಗೆ ಅವುಗಳಲ್ಲಿ ಒಂದರ ಹೆಸರೂ ಗೊತ್ತಿರಲಿಲ್ಲ. ಯಾವುದು ಹೊಸದು ಎಂಬುದು ಮಾತ್ರ ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ನಾನು ಪೇಟೆಯಲ್ಲಿ ಲೇತ್ ಮೇಲೆ ಮರ ಕಡೆದು, ಅರಗಿನ ಬಣ್ಣ ಹಿಡಿಸಿ ಗೊಂಬೆ ಮಾಡುವವನು. ಒಂದು ಭಾನುವಾರ ಅಕ್ಕನ ಮನೆಗೆ ಹೋದಾಗ ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡದೆ ಶುರು ಮಾಡಿದರು.

"ಲೇ, ಒಂದು ಹಕ್ಕಿ ಬಂದಿತ್ತು ಕಣ್ಲಾ. ಬೆಳ್ಳಗೈತೆ, ರೆಕ್ಕೆ ಮ್ಯಾಲೆ ಕರೀ ಪಟ್ಟೆ. ಕೊಕ್ಕು ಮ್ಯಾಕೆ ಬಗ್ಗೈತೆ."

"ಕೆಳಕ್ಕೆ ಇರ್ಬೇಕು ಭಾವ."

"ಮ್ಯಾಕೆ ಕಣ್ಲಾ! ಕುಡ್ಲಲ್ಲಿ ಹುಲ್ಲು ಸವರ್ದಂಗೆ ನೀರ ಸವರ್ತದೆ."

"ಆಯ್ತು ಬುಡಿ, ಮ್ಯಾಕೇ ಅನ್ಕಳವ," ಎಂದು ನಕ್ಕೆ.

ಅವರು ಬಿಡಲಿಲ್ಲ. ಅದನ್ನು ಮರದಲ್ಲಿ ಮಾಡಿಕೊಡು ಎಂದರು. ಲೇತ್‌ನಲ್ಲಿ ಗುಂಡಗಿನದು ಬರುತ್ತದೆ, ಸೊಟ್ಟ ಬರುವುದಿಲ್ಲ. ಮೈ ಕಡೆದು, ಬಿಳಿ ಅರಗು ಹಿಡಿಸಿ, ಪಟ್ಟೆ ಎಳೆದೆ. ಕೊಕ್ಕಿಗೆ ಬಿದಿರ ಕಡ್ಡಿ ಬಗ್ಗಿಸಿ ಸಿಕ್ಕಿಸಿದೆ. ಕೆಳಮುಖವಾಗಿ! ಗದ್ದೆಯಲ್ಲಿ ಓಡಾಡುವ, ಕೊಕ್ಕು ಕೆಳಕ್ಕೆ ಬಾಗಿದ ಕೆಂಬರಲು ಹಕ್ಕಿಯನ್ನು ಬಾಲ್ಯದಿಂದ ನೋಡಿದವನು ನಾನು. ಕುರಿ ಮೇಯಿಸುವವರ ಕಣ್ಣಿಗಿಂತ ನನ್ನ ಕೈ ಬುದ್ಧಿವಂತ ಎಂಬ ಜಂಬ. ಭಾವ ಗೊಂಬೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕಿಟಕಿಯಲ್ಲಿಟ್ಟರು. "ನಿನ್ ಕಣ್ಣಿಗೇ ಬೀಳ್ಬೇಕು. ಬಿದ್ ದಿಸ ಬಂದು ಹೇಳು," ಎಂದರು.

ಮೂರು ವರ್ಷದ ಮೇಲೆ ಯಾರೋ ಮೊಬೈಲಿಗೆ ಕಳಿಸಿದ ಕಡಲತೀರದ ಹಕ್ಕಿಗಳ ಚಿತ್ರಗಳಲ್ಲಿ ಅದು ನಿಂತಿತ್ತು. ಬಿಳಿ ಮೈ, ಕಪ್ಪು ಪಟ್ಟೆ, ಮೇಲಕ್ಕೆ ಬಾಗಿದ ಕೊಕ್ಕು. ನಮ್ಮ ಕಡೆ ಕಾಣುವುದು ಬಲು ಅಪರೂಪವೆಂದು ಕೆಳಗೆ ಬರೆದಿತ್ತು. ನಾಚಿಕೆಯಾಯಿತು. ಆದರೆ ಅಷ್ಟರಲ್ಲಿ ಸಕ್ಕರೆ ಕಾಯಿಲೆ ಭಾವನವರ ಎರಡೂ ಕಣ್ಣು ತಿಂದಿತ್ತು. ದೃಷ್ಟಿ ಇನ್ನು ಬರುವುದಿಲ್ಲವೆಂದು ಬೆಂಗಳೂರಿನ ಡಾಕ್ಟರೂ ಹೇಳಿಯಾಗಿತ್ತು. ಕುರಿ ಮಾರಿದ್ದರು. ನಾನು ಗೊಂಬೆಯ ಕೊಕ್ಕು ಕಿತ್ತು ಮೇಲ್ಮುಖವಾಗಿ ಸಿಕ್ಕಿಸಿ ಅವರ ಕೈಗಿತ್ತೆ. ಬೆರಳಿಂದ ಸವರಿ, "ಈಗ ಸರೀಗೈತೆ. ನೀನು ನೋಡ್ದೇನ್ಲಾ?" ಎಂದರು. ಚಿತ್ರದಲ್ಲಿ ಎಂದೆ. ಅವರ ಮುಖ ಸಪ್ಪಗಾಯಿತು.

ಅಂದಿನಿಂದ ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ ಭಾನುವಾರಗಳನ್ನು ಕೆರೆಗೆ ಕೊಟ್ಟೆ. ಆದರೆ ಕೆರೆ ಮೊದಲಿನಂತಿರಲಿಲ್ಲ. ಈಗ ಬೇಸಿಗೆಯಲ್ಲೇ ಪೈಪಿನಲ್ಲಿ ಹೊಳೆ ನೀರು ತಂದು ತುಂಬಿಸುತ್ತಾರೆ. ತುಂಬಿಸಿ ಎಂದು ಕೊಟ್ಟ ಅರ್ಜಿಗೆ ನಾನೂ ಸಹಿ ಹಾಕಿದ್ದೆ. ಬೋರ್‌ವೆಲ್‌ಗಳಿಗೆ ಜೀವ ಬಂದಿದೆ, ತಪ್ಪೆನ್ನಲು ನನಗೆ ಬಾಯಿಲ್ಲ. ಕೆಸರು ಮಾತ್ರ ಇಲ್ಲ. ಇಳಿಯಲು ಜಾಗವಿಲ್ಲದ ಹಕ್ಕಿ ಯಾಕೆ ಬಂದೀತು?

ಹೋದ ವರ್ಷ ಸೋತು ಸುಳ್ಳು ಹೇಳಿದೆ. "ಬಂದಿತ್ತು ಭಾವ. ತೂಬಿನ ಮುಂದ್ಲ ಕೆಸರಲ್ಲಿ ನಿಂತಿತ್ತು."

"ತೂಬು ಮುಳುಗೋಗಿ ತಿಂಗಳಾಯ್ತು ಅಂತ ನಿಮ್ಮಕ್ಕ ಹೇಳವ್ಳೆ ಕಣ್ಲಾ," ಎಂದರು.

ಈ ವರ್ಷ ಅದು ನಿಜವಾಗಿಯೂ ಬಂತು.

ಬೆಳಿಗ್ಗೆ ಏರಿಯ ಮೇಲೆ ಕೂತಿದ್ದೆ. ಕೆರೆ ದಡದಿಂದ ದಡಕ್ಕೆ ತುಂಬಿತ್ತು. ಎರಡು ಹಕ್ಕಿ ತಗ್ಗಿನಲ್ಲಿ ಹಾರಿ ಬಂದು ನೀರಿನ ಮೇಲೆ ಮೂರು ಸುತ್ತು ಹಾಕಿದವು. ಕಾಲಿಡಲು ಜಾಗ ಹುಡುಕುತ್ತಿದ್ದವು. ಮೊಬೈಲಿನಲ್ಲಿ ಫೋಟೊ ತೆಗೆದೆ. ಜಾಗ ಸಿಗದೆ ಅವು ಹಾಗೇ ಉತ್ತರಕ್ಕೆ ಹೋದವು. ನಾನು ಬಿದ್ದೆನೋ ಎದ್ದೆನೋ ಎಂದು ಓಡಿದೆ.

ಭಾವ ಜಗಲಿಯ ಮೇಲೆ ಕೂತಿದ್ದರು. ಹೇಳಿದೆ. ಸುಮ್ಮನೆ ನಕ್ಕರು.

"ದೇವ್ರಾಣೆ ಭಾವ! ಫೋಟೊ ಐತೆ ನೋಡಿ," ಎಂದು ಮೊಬೈಲ್ ಚಾಚಿದೆ. ಚಾಚಿದ ಮೇಲೆ ಯಾರಿಗೆ ಚಾಚಿದೆನೆಂದು ತಿಳಿಯಿತು. ಅಕ್ಕ ಒಳಗಿಂದ ಬಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡು ನೋಡಿದಳು.

"ಊಂ ಕಣ್ರೀ, ಐತೆ. ಕೊಕ್ಕು ಮ್ಯಾಕೇ ಐತೆ," ಎಂದಳು.

"ನೀನೂ ಸೇರ್ಕಂಡ್ಯಾ?" ಎಂದರು ಭಾವ. ಕೋಪವಿರಲಿಲ್ಲ. ನನ್ನ ದನಿ ಬಂದ ಕಡೆಗೆ ಕೈ ಚಾಚಿ, ಸಿಕ್ಕ ಮೊಣಕೈಯನ್ನು ತಟ್ಟಿದರು.

"ಆಯ್ತು ಬುಡ್ಲಾ, ಬಂದಿತ್ತು ಅನ್ಕಳವ."